ಮೊದಲು ಲೆಕ್ಕ, ಆಮೇಲೆ ಮನ್ನಾ

ನಮ್ಮಲ್ಲಿ ಯಾರಿಗಾದರೂ ಮನಸ್ಸು ನೊಂದರೆ ಮೊದಲು ಸಿಗುವ ಸಲಹೆ ‘ಹೋಗ್ಲಿ ಬಿಡು’. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಏನು ಹೋಗಬೇಕು, ಎಷ್ಟನ್ನು ಬಿಡಬೇಕು ಎಂದು ಗೊತ್ತಿಲ್ಲದೆ ಬಿಟ್ಟದ್ದು ನಿಜವಾಗಿ ಬಿಟ್ಟಿರುವುದಿಲ್ಲ. ಮೂರು ತಿಂಗಳ ಮೇಲೆ ಯಾವುದೋ ಮದುವೆಮನೆಯ ಪಂಕ್ತಿಯಲ್ಲಿ, ಸಂಬಂಧವೇ ಇಲ್ಲದ ಮಾತಿಗೆ ಅದು ಎದ್ದು ಕೂರುತ್ತದೆ. ಸಾಲ ಮನ್ನಾ ಮಾಡುವವರು ಕೂಡ ಅಸಲು ಎಷ್ಟು, ಬಡ್ಡಿ ಎಷ್ಟು, ಬಾಕಿ ಎಷ್ಟು ಎಂದು ಮೊದಲು ಲೆಕ್ಕ ಹಾಕುತ್ತಾರೆ. ಕ್ಷಮೆಯ ವಿಷಯದಲ್ಲಿ ಮಾತ್ರ ನಾವು ಖಾತೆಯನ್ನೇ ತೆರೆಯದೆ ಮನ್ನಾ ಘೋಷಿಸಿಬಿಡುತ್ತೇವೆ.

ನಾನು ಅನುಸರಿಸುವ ಕ್ರಮದಲ್ಲಿ ಮೂರು ಕೆಲಸಗಳಿವೆ. ಕಾಗದದ ಮೇಲೆ ಪೂರ್ತಿಯಾಗಿ ಹೇಳಿಕೊಳ್ಳುವುದು, ಮನ್ನಾ ಮಾಡುವುದು, ಎದುರಿನವರಿಗೆ ಹೇಳಬೇಕಾದಷ್ಟನ್ನು ಹೇಳುವುದು. ‘ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಬೇಕು’ ಮತ್ತು ‘ಯಾರಿಗೂ ನೋವಾಗಬಾರದು’ ಎಂಬ ಎರಡು ಆಸೆಗಳು ಒಂದೇ ಕೂಟದಲ್ಲಿ ಈಡೇರುವುದಿಲ್ಲ. ಮೊದಲನೆಯದಕ್ಕೆ ಕಾಗದ, ಎರಡನೆಯದಕ್ಕೆ ಮನುಷ್ಯ. ಇವನ್ನು ಅದಲುಬದಲು ಮಾಡಿದಾಗಲೇ ಹೆಚ್ಚಿನ ಅನಾಹುತ ಆಗುವುದು. ಕಾಗದದ ಮೇಲೆ ಸಭ್ಯರಾಗಿರುತ್ತೇವೆ, ಮನುಷ್ಯರ ಮೇಲೆ ಉರಿದು ಬೀಳುತ್ತೇವೆ.

ಬೇಕಾದ ಸಾಮಾನು ಕಡಿಮೆ. ಬಿಡಿ ಹಾಳೆಗಳು, ಒಂದು ಪೆನ್ನು, ಅಲಾರಂ, ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಡೈರಿ ಬೇಡ. ಡೈರಿಯನ್ನು ಯಾರಾದರೂ ಓದಿಯಾರು ಎಂಬ ಅಳುಕಿನಲ್ಲಿ ಕೈ ತಾನಾಗಿ ನಯವಾಗುತ್ತದೆ. ಮೊಬೈಲಿನಲ್ಲಂತೂ ಖಂಡಿತ ಬೇಡ. ವಾಟ್ಸಾಪಿನಲ್ಲಿ ‘ಬರೀ ಬರೆದು ನೋಡೋಣ’ ಎಂದು ಶುರುಮಾಡಿದ್ದು ಕಳಿಸುವ ಗುಂಡಿಗೆ ಬೆರಳಿನಷ್ಟೇ ದೂರದಲ್ಲಿರುತ್ತದೆ. ಕಳಿಸಿ ಅಳಿಸಿದರೂ ಅಳಿಸಿದ ಗುರುತು ಅಲ್ಲೇ ಉಳಿದು, ಏನಿತ್ತೋ ಎಂಬ ಊಹೆ ಮೂಲ ಮಾತಿಗಿಂತ ಕೆಟ್ಟದಾಗಿ ಬೆಳೆಯುತ್ತದೆ.

ಕಾಲ: ದಿನಕ್ಕೆ 15ರಿಂದ 20 ನಿಮಿಷ, ಸತತ ನಾಲ್ಕು ದಿನ. ಇದು ನನ್ನ ಲೆಕ್ಕವಲ್ಲ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಮನೋವಿಜ್ಞಾನಿಗಳು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಅತಿ ನೋವಿನ ಘಟನೆಯ ಬಗ್ಗೆ ಬರೆದರು. ಒಂದು ಗುಂಪು ಬರೀ ಘಟನೆ ಬರೆಯಿತು, ಒಂದು ಬರೀ ಭಾವನೆ, ಇನ್ನೊಂದು ಎರಡನ್ನೂ. ಎರಡನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದೆದ್ದ ಕೂಡಲೇ ಅವರ ಮನಸ್ಸು ಹಗುರವಾಗಿರಲಿಲ್ಲ, ಮೊದಲಿಗಿಂತ ಭಾರವಾಗಿತ್ತು. ಇದು ಗೊತ್ತಿಲ್ಲದವರು ಎರಡನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಬರೆದ ಮೇಲೆ ಒಂದು ಗಂಟೆ ಮನಸ್ಸು ಕದಡಿರುತ್ತದೆ ಎಂದು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಹಾಗಾಗಿ ಮಲಗುವ ಮುಂಚೆ ಬರೆಯುವುದಿಲ್ಲ, ಆಫೀಸಿಗೆ ಹೊರಡುವ ಮುಂಚೆಯೂ ಇಲ್ಲ. ಸಂಜೆ ಆರರ ಸುಮಾರು ಬರೆದು, ಆಮೇಲೆ ಪಾತ್ರೆ ತೊಳೆಯುವುದೋ ನಡೆದಾಡುವುದೋ ಇಟ್ಟುಕೊಂಡರೆ ಸರಿಹೋಗುತ್ತದೆ.

ವಿಷಯ ಅಮೂರ್ತವಾಗದಿರಲಿ ಎಂದು ಎಲ್ಲ ಊರಲ್ಲೂ ಇರುವ ಒಂದು ಜಗಳವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಯಸ್ಸಾದ ಅಮ್ಮನನ್ನು ಊರಿನಲ್ಲಿ ತಂಗಿ ನೋಡಿಕೊಳ್ಳುತ್ತಾಳೆ, ಅಣ್ಣ ಬೆಂಗಳೂರಿನಿಂದ ದುಡ್ಡು ಕಳಿಸುತ್ತಾನೆ. ಹಬ್ಬಕ್ಕೆ ಬಂದವನು ಎಲ್ಲರ ಎದುರು ‘ನೀನು ಹೇಗೂ ಮನೇಲೇ ಇರ್ತೀಯಲ್ಲ’ ಅನ್ನುತ್ತಾನೆ. ಬರೆಯಲು ಕೂತವಳು ತಂಗಿ.

ಮೊದಲ ದಿನ ಕ್ಯಾಮೆರಾ ಕಂಡದ್ದನ್ನು ಮಾತ್ರ ಬರೆಯುವುದು. ‘ಅಣ್ಣ ನನ್ನನ್ನು ಕೀಳಾಗಿ ಕಂಡ’ ಎನ್ನುವುದನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ‘ದೀಪಾವಳಿಯ ದಿನ, ಜಗಲಿಯಲ್ಲಿ, ಭಾವನೂ ಅತ್ತಿಗೆಯೂ ಕೂತಿದ್ದಾಗ, ಈ ಮಾತು ಆಡಿದ, ಆಡಿ ನಕ್ಕ, ನಾನು ಎದ್ದು ಅಡುಗೆಮನೆಗೆ ಹೋದೆ’ ಎನ್ನುವುದನ್ನು ಹಿಡಿಯುತ್ತದೆ. ಹೀಗೆ ಬರೆಯುವುದು ಕಷ್ಟ. ಪ್ರತಿ ಎರಡನೇ ಸಾಲಿಗೆ ತೀರ್ಪು ನುಸುಳುತ್ತದೆ: ಸ್ವಾರ್ಥಿ, ಕೃತಘ್ನ, ಮೊದಲಿನಿಂದಲೂ ಹಾಗೇ. ಅವನ್ನು ಹೊಡೆದುಹಾಕಬಾರದು, ಅಡಿಗೆರೆ ಎಳೆದು ಮುಂದೆ ಹೋಗಬೇಕು. ಅಡಿಗೆರೆಯ ಮಾತುಗಳೇ ಎರಡನೇ ದಿನದ ಕಚ್ಚಾ ಸರಕು. ಒಂದು ಸಲಕ್ಕೆ ಒಂದೇ ಘಟನೆ, ಇದು ಗಟ್ಟಿ ನಿಯಮ. ‘ಇಪ್ಪತ್ತು ವರ್ಷದಿಂದ ಹೀಗೇ’ ಎಂದು ಶುರುವಾದರೆ ನಾಲ್ಕು ದಿನ ಸಾಲದು, ನಲವತ್ತೂ ಸಾಲದು.

ಎರಡನೇ ದಿನ ಭಾವನೆಯದು. ಇಲ್ಲಿ ನಮಗೆ ಅಡ್ಡ ಬರುವುದು ‘ಬೇಜಾರು’ ಎಂಬ ಪದ. ಬಸ್ಸು ತಪ್ಪಿದರೂ ಬೇಜಾರು, ಗೆಳೆಯ ಸತ್ತರೂ ಬೇಜಾರು, ಟೀವಿ ನೋಡಿ ಸಾಕಾದರೂ ಬೇಜಾರು. ಒಂದೇ ಡಬ್ಬಿಗೆ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲ ಸುರಿದ ಹಾಗೆ. ಹಾಗಾಗಿ ಎರಡನೇ ದಿನದ ನಿಯಮ: ಬೇಜಾರು, ನೋವು, ಸಿಟ್ಟು ಎಂಬ ಮೂರು ಪದಗಳನ್ನು ಬಳಸದೆ ಬರೆಯುವುದು. ಆಗ ಕನ್ನಡದ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಮುನಿಸು, ಕಸಿವಿಸಿ, ಇರುಸುಮುರುಸು, ಮುಜುಗರ, ಅವಮಾನ, ಹೊಟ್ಟೆಕಿಚ್ಚು, ಕಳವಳ, ದಿಗಿಲು, ಹತಾಶೆ, ತಬ್ಬಲಿತನ. ಇವು ಪರ್ಯಾಯ ಪದಗಳಲ್ಲ. ಮುನಿಸು ಹತ್ತಿರದವರ ಮೇಲೆ ಮಾತ್ರ ಬರುತ್ತದೆ, ಅದರೊಳಗೆ ‘ಬಂದು ಸಮಾಧಾನ ಮಾಡಲಿ’ ಎಂಬ ಬೇಡಿಕೆ ಅಡಗಿರುತ್ತದೆ. ಅವಮಾನಕ್ಕೆ ನೋಡುವ ನಾಲ್ಕು ಜನ ಬೇಕು. ಹೊಟ್ಟೆಕಿಚ್ಚಿಗೆ ಹೋಲಿಕೆ ಬೇಕು. ತಂಗಿಗೆ ಆದದ್ದು ಅವಮಾನ ಎಂದು ತಿಳಿದರೆ, ಮಾತಿಗಿಂತ ಭಾವನ ಎದುರು ಆಡಿದ್ದು ಚುಚ್ಚಿದೆ ಎಂದು ತಿಳಿಯುತ್ತದೆ. ಆಗ ಕೇಳಬೇಕಾದ್ದೇ ಬದಲಾಗುತ್ತದೆ. ಭಾವನೆಗೆ ಸರಿಯಾದ ಹೆಸರಿಟ್ಟಾಗ ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾದ ಚಟುವಟಿಕೆ ಇಳಿಯುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದೆ. ‘ಹ್ಞಾಂ, ಇದೇ’ ಅನ್ನಿಸುವ ಪದ ಸಿಕ್ಕಾಗ ಭುಜ ಸಡಿಲವಾಗುವುದು ಸ್ಕ್ಯಾನ್ ಇಲ್ಲದೆಯೂ ಗೊತ್ತಾಗುತ್ತದೆ.

ಬೈಗುಳ ಬರಲಿ. ಈ ಹಾಳೆಯಲ್ಲಿ ಏನೂ ನಿಷಿದ್ಧವಲ್ಲ.

ಮೂರನೇ ದಿನ ಅರ್ಧ ಸಮಯ ‘ಯಾಕೆಂದರೆ’ ಎಂಬ ಪದಕ್ಕೆ. ಪೆನ್ನೆಬೇಕರ್ ಆಮೇಲೆ ಬರಹಗಳ ಪದಗಳನ್ನು ಎಣಿಸಿ ನೋಡಿದಾಗ, ದಿನದಿಂದ ದಿನಕ್ಕೆ ಕಾರಣ ಸೂಚಿಸುವ, ಅರಿವು ಸೂಚಿಸುವ ಪದಗಳು ಹೆಚ್ಚಿದವರಿಗೇ ಲಾಭ ಹೆಚ್ಚು ಎಂದು ಕಂಡಿತು. ನಮ್ಮಲ್ಲಿ ಅವು ‘ಯಾಕೆಂದರೆ’, ‘ಅದಕ್ಕೇ’, ‘ಈಗ ಗೊತ್ತಾಗ್ತಿದೆ’. ಮೊದಲ ದಿನದ ಹಾಳೆಯಲ್ಲಿ ಇವು ಎಷ್ಟಿವೆ, ಮೂರನೆಯದರಲ್ಲಿ ಎಷ್ಟಿವೆ ಎಂದು ಎಣಿಸಿದರೆ ಬರಹ ಮುಂದಕ್ಕೆ ಹೋಗುತ್ತಿದೆಯೋ ಗಾಣದೆತ್ತಿನ ಹಾಗೆ ಸುತ್ತುತ್ತಿದೆಯೋ ಗೊತ್ತಾಗುತ್ತದೆ. ಉಳಿದರ್ಧ ಸಮಯ ಕುರ್ಚಿ ಬದಲಿಸಿ ಅಣ್ಣನಾಗಿ ಬರೆಯುವುದು. ‘ನಾನು’ ಎಂದರೆ ಈಗ ಅಣ್ಣ. ‘ಅಮ್ಮ ಸೊರಗಿದ್ದು ಕಂಡು ದಿಗಿಲಾಯ್ತು, ನಾನಿಲ್ಲಿ ಇರಲಿಲ್ಲವಲ್ಲ ಅಂತ ನಾಚಿಕೆಯಾಯ್ತು, ಅದಕ್ಕೇ ತಮಾಷೆ ಮಾಡಿದೆ’ ಎಂಬಂಥದ್ದು ಬರಬಹುದು. ಅದು ನಿಜವೇ ಆಗಬೇಕಿಲ್ಲ. ಅವನು ದುಷ್ಟನೇ ಆಗಿರಬೇಕಾಗಿಲ್ಲ ಎಂಬ ಒಂದು ಬಿರುಕು ಬಿದ್ದರೆ ಸಾಕು. ಇದನ್ನು ಮೊದಲ ದಿನವೇ ಮಾಡಿದರೆ ಕೆಡುತ್ತದೆ. ಸ್ವಂತ ಮಾತು ಮುಗಿಯುವ ಮೊದಲೇ ಅವರ ಪರ ವಕಾಲತ್ತು ವಹಿಸಿದಂತಾಗುತ್ತದೆ, ಒಳಗಿನ ಸಿಟ್ಟು ಮೂಲೆಗೆ ಸರಿದು ಕಾಯುತ್ತದೆ. ಅದರಲ್ಲೂ ‘ಒಳ್ಳೆಯ ಹುಡುಗಿ’ ಎಂದು ಬೆಳೆದವರು ಈ ತಪ್ಪನ್ನು ತುಂಬಾ ಮಾಡುತ್ತಾರೆ.

ನಾಲ್ಕನೇ ದಿನ ಲೆಕ್ಕ. ಹಾಳೆಗೆ ನಾಲ್ಕು ಮನೆ ಹಾಕಬೇಕು: ಹೋದದ್ದು, ವಾಪಸ್ ಬರಬಹುದಾದ್ದು, ಬಾರದ್ದು, ಬಡ್ಡಿ. ತಂಗಿಯ ಹಾಳೆಯಲ್ಲಿ ಹೋದದ್ದು: ಬಿಟ್ಟ ಕೆಲಸ, ಎರಡು ವರ್ಷದ ನಿದ್ದೆ, ಭಾವನ ಎದುರಿನ ಮರ್ಯಾದೆ, ಔಷಧಿಗೆ ಕೈಯಿಂದ ಹಾಕಿದ ದುಡ್ಡು. ವಾಪಸ್ ಬರಬಹುದಾದ್ದು: ದುಡ್ಡು, ವರ್ಷಕ್ಕೆ ಹದಿನೈದು ದಿನದ ಬಿಡುವು. ಬಾರದ್ದು: ಆ ಎರಡು ವರ್ಷ, ಆ ಸಂಜೆ. ಬಡ್ಡಿ ಎಂದರೆ ಆ ಮಾತಿನ ಮೇಲೆ ನಾವೇ ಸೇರಿಸುತ್ತಾ ಹೋದದ್ದು: ಎಷ್ಟು ಜನರ ಹತ್ತಿರ ಹೇಳಿಕೊಂಡಾಯ್ತು, ಎಷ್ಟು ರಾತ್ರಿ ಆ ದೃಶ್ಯವನ್ನು ಮತ್ತೆ ಓಡಿಸಿ ನೋಡಿದ್ದಾಯ್ತು, ಯಾವ ಕಾರ್ಯಕ್ಕೆ ಹೋಗದೆ ಉಳಿದದ್ದಾಯ್ತು. ಬಡ್ಡಿ ಅಸಲನ್ನು ಮೀರಿದ ಖಾತೆಗಳೇ ಜಾಸ್ತಿ.

ಈ ನಾಲ್ಕು ಮನೆಗಳಿಂದ ಮುಂದಿನ ಕೆಲಸ ಹಂಚಿಹೋಗುತ್ತದೆ. ವಾಪಸ್ ಬರಬಹುದಾದ್ದನ್ನು ಬಾಯಿಬಿಟ್ಟು ಕೇಳಬೇಕು. ಬಾರದ್ದನ್ನು ಮನ್ನಾ ಮಾಡಬೇಕು. ಬಡ್ಡಿಯನ್ನು ಇಂದೇ ನಿಲ್ಲಿಸಬೇಕು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಕೇಳಬೇಕಾದ್ದನ್ನು ಮನ್ನಾ ಮಾಡಿದರೆ ಒಳಗೊಳಗೇ ಹುಳಿಯಾಗುತ್ತದೆ. ಮನ್ನಾ ಮಾಡಬೇಕಾದ್ದನ್ನು ಕೇಳಿದರೆ ಜಗಳ, ಯಾಕೆಂದರೆ ಕಳೆದ ಎರಡು ವರ್ಷವನ್ನು ಯಾವ ಅಣ್ಣನೂ ವಾಪಸ್ ತಂದುಕೊಡಲಾರ.

ನಾಲ್ಕು ದಿನವಾದ ಮೇಲೆ ನಿಲ್ಲಿಸಿ. ಐದನೇ ದಿನವೂ ಅದೇ ಘಟನೆ ಬರೆಯಬೇಕು ಅನ್ನಿಸಿದರೆ ಅದು ಹೆಚ್ಚಾಗಿ ಕೆರೆದುಕೊಳ್ಳುವ ಚಟ. ಮೊದಲ ಮೂರು ದಿನದ ಹಾಳೆಗಳನ್ನು ಹರಿದು ಎಸೆಯುವುದು ನನ್ನ ಕ್ರಮ. ಜಪಾನಿನ ನಾಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಟ್ಟನ್ನು ಕಾಗದದಲ್ಲಿ ಬರೆದು ಕಸಕ್ಕೆ ಹಾಕಿದವರ ಸಿಟ್ಟು ಇಳಿಯಿತು, ಬರೆದ ಕಾಗದವನ್ನು ಇಟ್ಟುಕೊಂಡವರದ್ದು ಅಷ್ಟು ಇಳಿಯಲಿಲ್ಲ. ಆದರೆ ಹರಿಯುವಾಗ ಹಲ್ಲು ಕಚ್ಚಿ ‘ಅವನನ್ನೇ ಹರೀತಿದ್ದೀನಿ’ ಎಂದುಕೊಳ್ಳಬಾರದು. ದಿಂಬಿಗೆ ಗುದ್ದಿ ಸಿಟ್ಟು ತೀರಿಸಿಕೊಳ್ಳಿ ಎಂಬ ಸಲಹೆ ಈಗಲೂ ಚಾಲ್ತಿಯಲ್ಲಿದೆ. ಬ್ರಾಡ್ ಬುಶ್‌ಮನ್ 2002ರಲ್ಲಿ ಪರೀಕ್ಷಿಸಿದಾಗ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಸಿಟ್ಟೇ ಎಲ್ಲರಿಗಿಂತ ಹೆಚ್ಚಿತ್ತು, ಸುಮ್ಮನೆ ಕೂತವರೇ ವಾಸಿಯಾಗಿದ್ದರು. ನಾಲ್ಕನೇ ದಿನದ ಲೆಕ್ಕದ ಹಾಳೆ ಮಾತ್ರ ಇರಲಿ.

ಮನ್ನಾ ಪತ್ರ ಮೂರು ಸಾಲಿನದು. ‘ಇದು ನನಗೆ ಸಲ್ಲಬೇಕಿತ್ತು. ಇದು ವಾಪಸ್ ಬರುವುದಿಲ್ಲ. ಇಂದಿನಿಂದ ಇದನ್ನು ವಸೂಲಿ ಮಾಡಲು ಹೋಗುವುದಿಲ್ಲ.’ ಕೆಳಗೆ ತಾರೀಖು. ಮೊದಲ ಸಾಲು ಬಿಟ್ಟರೆ ಅದು ಕ್ಷಮೆಯಲ್ಲ, ಏನೂ ಆಗಲೇ ಇಲ್ಲ ಎಂಬ ನಟನೆ. ಮೂರನೇ ಸಾಲಿನ ‘ವಸೂಲಿ’ ಏನೆಂದು ಬಿಡಿಸಿ ಬರೆದರೆ ಒಳ್ಳೆಯದು, ಏಕೆಂದರೆ ಅದು ವೇಷ ಮರೆಸಿಕೊಂಡು ಬರುತ್ತದೆ: ಚುಚ್ಚುಮಾತು, ತಿಂಗಳುಗಟ್ಟಲೆ ಮೌನ, ‘ನಾನೇನೂ ಹೇಳಲ್ಲಪ್ಪ’ ಎಂಬ ಪೀಠಿಕೆ, ಅವರ ಮಕ್ಕಳೆದುರು ನಗುತ್ತಲೇ ಹಂಗಿಸುವುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಹೋಗುವುದೂ ವಸೂಲಿಯೇ.

ಪತ್ರ ಬರೆದ ಮಾರನೆಯ ದಿನವೂ ಅಣ್ಣನ ಫೋನ್ ನಂಬರ್ ಕಂಡರೆ ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ. ಆಗ ‘ನಾನು ಕ್ಷಮಿಸಿಯೇ ಇಲ್ಲ, ನಾಟಕ’ ಎಂದು ತಮ್ಮನ್ನೇ ಹಳಿದುಕೊಳ್ಳುವವರಿದ್ದಾರೆ. ಕ್ಷಮೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಎವೆರೆಟ್ ವರ್ದಿಂಗ್ಟನ್ ಇದನ್ನು ಎರಡಾಗಿ ಬಿಡಿಸುತ್ತಾರೆ: ನಿರ್ಧಾರದ ಕ್ಷಮೆ, ಭಾವನೆಯ ಕ್ಷಮೆ. ನಿರ್ಧಾರ ಒಂದು ದಿನದ್ದು, ಭಾವನೆ ಅದರ ಹಿಂದೆ ಕುಂಟುತ್ತಾ ಬರುತ್ತದೆ. ಹಿಂಡಿದಾಗ ತಾರೀಖಿನ ಕಡೆ ನೋಡಿ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಪತ್ರವನ್ನು ಹೊಸದಾಗಿ ಬರೆಯಬೇಕಿಲ್ಲ.

ಜೈನರ ದಶಲಕ್ಷಣ ಪರ್ವದಲ್ಲಿ ಹತ್ತು ಧರ್ಮಗಳ ಪೈಕಿ ಮೊದಲನೆಯದು ಉತ್ತಮ ಕ್ಷಮೆ. ಆದರೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಣಿ ಬರುವುದು ಹತ್ತು ದಿನದ ವ್ರತ, ಸ್ವಾಧ್ಯಾಯ ಎಲ್ಲ ಮುಗಿದ ಮೇಲೆ. ತತ್ವ ಮೊದಲು ಇದ್ದರೂ ಮಾತು ಕೊನೆಗೆ. ಈಗ ಆ ದಿನ ಎಲ್ಲರಿಗೂ ಒಂದೇ ಫಾರ್ವರ್ಡ್ ಸಂದೇಶ ಹೋಗುತ್ತದೆ ಎಂಬುದು ಬೇರೆ ಮಾತು.

ಇನ್ನು ಬಾಯಿಬಿಡುವ ಕೆಲಸ. ಮಾರ್ಷಲ್ ರೋಸೆನ್‌ಬರ್ಗ್ ರೂಪಿಸಿದ ಅಹಿಂಸಾತ್ಮಕ ಸಂವಹನದಲ್ಲಿ ನಾಲ್ಕು ಭಾಗಗಳಿವೆ: ಕಂಡದ್ದು, ಅನ್ನಿಸಿದ್ದು, ಬೇಕಾಗಿದ್ದು, ಕೋರಿಕೆ. ನಾಲ್ಕು ದಿನ ಬರೆದವರ ಹತ್ತಿರ ನಾಲ್ಕೂ ಸಿದ್ಧವಿರುತ್ತವೆ. ಇಲ್ಲಿ ಕನ್ನಡದ ವ್ಯಾಕರಣ ದೊಡ್ಡ ಸಹಾಯ ಮಾಡುತ್ತದೆ. ನಾವು ‘ನನಗೆ ಸಿಟ್ಟು ಬಂತು’, ‘ನನಗೆ ಅವಮಾನವಾಯ್ತು’ ಅನ್ನುತ್ತೇವೆ. ಭಾವನೆ ನನಗೆ ಬಂದದ್ದು, ಆದದ್ದು. ವಾಕ್ಯದಲ್ಲಿ ಆರೋಪಿಯೇ ಇಲ್ಲ. ‘ನೀನು ನನಗೆ ಅವಮಾನ ಮಾಡಿದೆ’ ಎಂದ ತಕ್ಷಣ ಆರೋಪಿ ಬಂದು ನಿಲ್ಲುತ್ತಾನೆ, ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ. ‘ಅನ್ನಿಸ್ತು’ ಎಂಬ ಪದದ ಬಗ್ಗೆ ಮಾತ್ರ ಎಚ್ಚರ ಬೇಕು. ‘ನೀನು ನನ್ನನ್ನ ಆಳಿನ ಥರ ನೋಡ್ತೀಯ ಅನ್ನಿಸ್ತು’ ಎನ್ನುವುದು ಭಾವನೆಯ ಬಾಲ ಅಂಟಿಸಿಕೊಂಡ ಆರೋಪ.

ತಂಗಿಯ ಮಾತು ಹೀಗಿರಬಹುದು: ‘ದೀಪಾವಳಿ ದಿನ ಭಾವನ ಎದುರು “ನೀನು ಹೇಗೂ ಮನೇಲೇ ಇರ್ತೀಯಲ್ಲ” ಅಂದೆಯಲ್ಲ, ಆಗ ನನಗೆ ಅವಮಾನ ಆಯ್ತು. ನಾನು ಮಾಡೋದೂ ಕೆಲಸ ಅಂತ ನಮ್ಮನೆಯವರಿಗೆ ಗೊತ್ತಿರಬೇಕು ನನಗೆ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ನೀನು ಬಂದು ಅಮ್ಮನ ಜೊತೆ ಇರ್ತೀಯಾ?’ ಹೇಳಲು ಅರ್ಧ ನಿಮಿಷ ಸಾಕು. ಗಟ್ಟಿಯಾಗಿ ಮೂರು ಸಲ ಒಬ್ಬರೇ ಹೇಳಿ ನೋಡಬೇಕು. ಎರಡು ನಿಮಿಷ ದಾಟಿದರೆ ಕಾಗದದ ಸರಕು ಒಳಗೆ ಬಂದಿದೆ ಎಂದು ಅರ್ಥ. ‘ಯಾವಾಗಲೂ’, ‘ಒಂದು ದಿನಾನೂ’, ‘ಅಲ್ವಾ?’, ‘ತಾನೆ?’ ಇವನ್ನು ಕಿತ್ತುಹಾಕಬೇಕು. ‘ಕೆಲವರು ಇರ್ತಾರೆ ಬಿಡಿ’ ಎಂದು ಗಾಳಿಗೆ ಹೇಳುವುದು ಬೇಡ. ದಿನವೂ ‘ನೀನು’ ಎನ್ನುವವರನ್ನು ಜಗಳದಲ್ಲಿ ತಟ್ಟನೆ ‘ನೀವು’ ಮಾಡಿದರೆ ಅದು ಗೌರವವಲ್ಲ, ಚಾಟಿ. ಕೋರಿಕೆ ‘ಸ್ವಲ್ಪ ಅರ್ಥ ಮಾಡ್ಕೋ’ ಎಂದಾಗಬಾರದು. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ, ದಿನಾಂಕವಿರುವ ಒಂದೇ ಕೋರಿಕೆ ಇರಲಿ. ಇಲ್ಲ ಎನ್ನಲು ಅವಕಾಶವಿಲ್ಲದ ಕೋರಿಕೆ ಅಪ್ಪಣೆಯಾಗುತ್ತದೆ.

ಆರಂಭ ಮುಖ್ಯ. ದಂಪತಿಗಳ ಜಗಳಗಳನ್ನು ವರ್ಷಗಟ್ಟಲೆ ಚಿತ್ರೀಕರಿಸಿ ಅಭ್ಯಸಿಸಿದ ಜಾನ್ ಗಾಟ್‌ಮನ್, ಮಾತುಕತೆಯ ಮೊದಲ ಮೂರು ನಿಮಿಷದಲ್ಲೇ ಅದು ಎತ್ತ ಹೋಗುತ್ತದೆಂಬ ಸುಳಿವು ಸಿಗುತ್ತದೆ ಎನ್ನುತ್ತಾರೆ. ನಾಡಿ ನಿಮಿಷಕ್ಕೆ 100 ದಾಟಿದಾಗ ಕಿವಿ ಕೇಳಿಸಿದರೂ ತಲೆಗೆ ಹೋಗುವುದಿಲ್ಲ, ಇಳಿಯಲು ಕನಿಷ್ಠ 20 ನಿಮಿಷ ಬೇಕು ಎಂಬುದೂ ಅವರದೇ ಲೆಕ್ಕ. ಆದ್ದರಿಂದ ಮೊದಲೇ ‘ನಾಳೆ ಹತ್ತು ಗಂಟೆಗೆ ಹತ್ತು ನಿಮಿಷ ಮಾತಾಡಬೇಕು, ಆಗುತ್ತಾ?’ ಎಂದು ಕೇಳಬೇಕು. ಹಸಿದ ಹೊತ್ತು, ಹೊರಡುವ ಹೊತ್ತು, ಹಬ್ಬದ ಹೊತ್ತು ಬೇಡ. ಬಿಸಿಯೇರಿದರೆ ‘ಇಪ್ಪತ್ತು ನಿಮಿಷ ಬಿಟ್ಟು ಬರ್ತೀನಿ’ ಎಂದು ಹೇಳಿಯೇ ಎದ್ದುಹೋಗಬೇಕು. ಹೇಳದೆ ಹೋದರೆ ಅದು ಬಾಗಿಲು ಬಡಿದಂತೆ.

ತಪ್ಪು ನಮ್ಮದಾಗಿದ್ದರೆ ಮೇಲೆ ಹೊಗಳಿದ ವ್ಯಾಕರಣವೇ ಕಳ್ಳದಾರಿಯಾಗುತ್ತದೆ. ‘ತಪ್ಪಾಯ್ತು’ ಎಂಬುದರಲ್ಲಿ ಮಾಡಿದವರು ಯಾರೂ ಇಲ್ಲ, ಮಳೆ ಬಂದ ಹಾಗೆ ತಪ್ಪು ತಾನಾಗಿ ಆಗಿದೆ. ‘ತಪ್ಪಾಗಿದ್ರೆ ಕ್ಷಮಿಸಿ’ ಇನ್ನೂ ಕೆಟ್ಟದ್ದು, ತಪ್ಪಾಗಿದೆಯೋ ಇಲ್ಲವೋ ಎಂಬ ವಿಚಾರಣೆಯನ್ನೂ ನೊಂದವರ ತಲೆಗೇ ಕಟ್ಟುತ್ತದೆ. ಭಾವನೆ ಹೇಳುವಾಗ ‘ನನಗೆ’, ತಪ್ಪು ಒಪ್ಪುವಾಗ ‘ನಾನು’. ‘ಭಾವನ ಎದುರು ನಾನು ಹಾಗೆ ಅಂದೆ. ನಿನ್ನ ಕೆಲಸವನ್ನ ನಾನು ಹಗುರ ಮಾಡಿದೆ. ಈ ವಾರ ಭಾವನ ಹತ್ತಿರವೂ ಅದನ್ನ ಹೇಳ್ತೀನಿ.’ ‘ಆದರೆ’ ಎಂಬ ಪದ ಬಂದರೆ ಅಲ್ಲಿಗೆ ಕ್ಷಮಾಪಣೆ ಮುಗಿದು ವಾದ ಶುರು. ‘ಕ್ಷಮಿಸಿದೆಯಾ?’ ಎಂದು ಕೂಡಲೇ ಕೇಳಬಾರದು. ಅವರ ಲೆಕ್ಕ ಅವರು ಬರೆದುಕೊಳ್ಳಲಿ, ಅವರಿಗೂ ನಾಲ್ಕು ದಿನ ಬೇಕು.

ಈ ಕ್ರಮ ಎಲ್ಲದಕ್ಕೂ ಅಲ್ಲ. ಹೊಡೆತ, ಬೆದರಿಕೆ, ಲೈಂಗಿಕ ದೌರ್ಜನ್ಯ ಇರುವಲ್ಲಿ ಎದುರು ಕೂತು ಮಾತಾಡುವ ಭಾಗ ಬೇಡವೇ ಬೇಡ, ಅಣ್ಣನ ಕುರ್ಚಿಯಲ್ಲಿ ಕೂರುವ ಮೂರನೇ ದಿನವೂ ಬೇಡ. ಮೊದಲು ಸುರಕ್ಷತೆ, ಮಹಿಳೆಯರಿಗೆ 181, ತುರ್ತಿಗೆ 112. ಮನ್ನಾ ಎಂದರೆ ಮತ್ತೆ ಅದೇ ಮನೆಗೆ ಹೋಗಿ ಇರುವುದಲ್ಲ, ದೂರು ಹಿಂತೆಗೆಯುವುದೂ ಅಲ್ಲ. ಸಾಲ ಮನ್ನಾ ಆದವನಿಗೆ ಮತ್ತೆ ಸಾಲ ಕೊಡಲೇಬೇಕೆಂಬ ಕಾನೂನಿಲ್ಲ. ಘಟನೆ ತೀರಾ ಹಸಿಯಾಗಿದ್ದಾಗ, ಸಾವಿನ ಮನೆಯ ಸೂತಕದ ದಿನಗಳಲ್ಲಿ ಬರೆಯಲು ಕೂರುವುದಿಲ್ಲ. ಕೆಲವು ವಾರ ಕಳೆಯಲಿ. ಬರೆಯುವಾಗ ಕೈ ನಡುಗಿ, ಘಟನೆ ಕಣ್ಣೆದುರೇ ಮತ್ತೆ ನಡೆಯುತ್ತಿರುವಂತಾದರೆ ಪೆನ್ನು ಕೆಳಗಿಟ್ಟು, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಬೇಕು, ಮುಖಕ್ಕೆ ತಣ್ಣೀರು ಹಾಕಿಕೊಳ್ಳಬೇಕು, ಆ ದಿನಕ್ಕೆ ನಿಲ್ಲಿಸಬೇಕು. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಎಲ್ಲ ಸರಿಯಾಗಿ ಮಾಡಿದರೂ ಅಣ್ಣ ‘ಇಷ್ಟು ಸಣ್ಣ ವಿಷಯಕ್ಕಾ?’ ಎಂದುಬಿಡಬಹುದು. ಆಗ ಮಾತನ್ನು ಎರಡನೇ ಸಲ ವಿವರಿಸಲು ಹೋಗದೆ ಕೋರಿಕೆಯನ್ನಷ್ಟೇ ಮತ್ತೊಮ್ಮೆ ಹೇಳುತ್ತೇನೆ: ‘ಹದಿನೈದು ದಿನ ಬರ್ತೀಯಾ, ಇಲ್ಲವಾ?’ ಇಲ್ಲ ಎಂದರೆ ‘ಸರಿ, ಹಾಗಾದರೆ ಆ ಹದಿನೈದು ದಿನಕ್ಕೆ ಹೋಮ್ ನರ್ಸ್ ಇಡೋಣ, ಖರ್ಚು ಅರ್ಧರ್ಧ’ ಎಂಬ ಎರಡನೇ ಕೋರಿಕೆ ಜೇಬಿನಲ್ಲಿರಬೇಕು. ಅದಕ್ಕೂ ಇಲ್ಲ ಎಂದರೆ ಮನೆಗೆ ಬಂದು ನಾಲ್ಕನೇ ದಿನದ ಹಾಳೆ ತೆಗೆದು, ‘ವಾಪಸ್ ಬರಬಹುದಾದ್ದು’ ಎಂಬ ಮನೆಯಿಂದ ಅದನ್ನು ಹೊಡೆದು ‘ಬಾರದ್ದು’ ಎಂಬ ಮನೆಗೆ ಬರೆಯುವುದು, ಪಕ್ಕದಲ್ಲಿ ಆ ದಿನದ ತಾರೀಖು. ಅದರ ಮನ್ನಾ ಪತ್ರವನ್ನು ಅವತ್ತೇ ಬರೆಯುವುದಿಲ್ಲ. ಒಂದು ವಾರ ಬಿಟ್ಟು.